ಹದಿಮೂರು ಅಡಿ ಏಣಿ

ಭಾನುವಾರ ಮಧ್ಯಾಹ್ನ ಉಂಡು ಅಡ್ಡಾಗಿದ್ದ ಸಿದ್ದಲಿಂಗಪ್ಪನಿಗೆ ಮಗಳ ನಗೆ ಕೇಳಿ ಮೈ ಉರಿಯಿತು. ಮೂರು ದಿನದಿಂದ ಆ ಕ್ವಾರ್ಟರ್ಸಿನಲ್ಲಿ ಯಾರೂ ನಕ್ಕಿರಲಿಲ್ಲ. ಗುರುವಾರ ಗುಜರಾತಿನ ಈ ಹಜೀರಾದ ಸೈಟಿನಲ್ಲಿ ಕೆಲಸದ ಹುಡುಗ ರಾಘವ ಏಣಿಯಿಂದ ಬಿದ್ದು ಬೆನ್ನುಮೂಳೆ ಮುರಿದುಕೊಂಡಿದ್ದ. ಅವನನ್ನು ಊರ ಕಡೆಯ ಕುಷ್ಟಗಿಯಿಂದ ಕರೆತಂದವನೂ ಸಿದ್ದಲಿಂಗಪ್ಪನೇ, ಅವನ ಫೋರ್‌ಮನ್ನೂ ಇವನೇ.

"ಏನ್ ಕಿಸ್ಯಾಕತ್ತಿ?"

ಏಳನೇ ಕ್ಲಾಸಿನ ಪ್ರಾರ್ಥನಾ ಟ್ಯಾಬು ತೋರಿಸಿದಳು. ಶಾಲೆಯವರು ಲೆಕ್ಕ ಕಲಿಯಲೆಂದು ಕೊಟ್ಟ ಆಟ. ಒಂದು ಕೋಟೆ ಗೋಡೆ, ಅದರ ಮುಂದೆ ಕಂದಕ, ಈಚೆ ದಡದಲ್ಲಿ ಟೋಪಿ ಹಾಕಿದ ಗಿಡ್ಡ ಮನುಷ್ಯ. ಗೋಡೆಯ ಎತ್ತರ, ಕಂದಕದ ಅಗಲ ಬೇಕಾದಷ್ಟು ಹಾಕಿಕೊಂಡು ಏಣಿಯ ಉದ್ದ ಹೇಳಬೇಕು. ತಪ್ಪಿದರೆ ಅವನು ಗಂಟೆಯ ಸದ್ದಿನೊಂದಿಗೆ ಕಂದಕಕ್ಕೆ ಬೀಳುತ್ತಾನೆ.

"ನಮ್ ಕ್ಲಾಸಿನ್ಯಾಗ ಎಲ್ಲಾರೂ ಬೇಕಂತನ ತಪ್ಪ್ ಹಾಕ್ತಾರ ಪಪ್ಪಾ. ಅಂವ ಬೀಳೂದು ಭಾಳ ಫನ್ನಿ."

ಸಿದ್ದಲಿಂಗಪ್ಪನ ಕೈ ಮೇಲೆದ್ದಿತು. ಅಡುಗೆಮನೆಯಿಂದ ಹೆಂಡತಿ ಅನಸೂಯ ಹೊರಬಂದಳು. "ಕೂಸಿನ ಮ್ಯಾಲ್ಯಾಕ ನಿಮ್ಮ ಗಂಡಸ್ತನ? ಆ ಏಣಿ ಅದು ತಂದಿತ್ತೇನ?"

ಎತ್ತಿದ ಕೈ ಇಳಿಯಿತು.

ಟಿವಿಯ ಪಕ್ಕ ಆಫೀಸಿನವರು ಸಹಿಗೆಂದು ಕೊಟ್ಟ ಅಪಘಾತದ ಕಾಗದವಿತ್ತು. ಏಣಿಯ ಉದ್ದ ಸಾಕಷ್ಟಿತ್ತು, ರಾಘವನೇ ತನ್ನ ಬುದ್ಧಿಯಿಂದ ಅದರ ಬುಡಕ್ಕೆ ದಿಮ್ಮಿ ಇಟ್ಟ, ದಿಮ್ಮಿ ಜಾರಿತು ಎಂದು ಅದರಲ್ಲಿತ್ತು. ಸೋಮವಾರ ಸಹಿ ಹಾಕಿದರೆ ತಪ್ಪು ರಾಘವನದು. ಗುತ್ತಿಗೆದಾರ ಆಸ್ಪತ್ರೆಯ ಖರ್ಚಿನಿಂದ ಕೈ ತೊಳೆದುಕೊಳ್ಳುತ್ತಾನೆ. ಹಾಕದಿದ್ದರೆ ತಪ್ಪು ಫೋರ್‌ಮನ್ನನದು. ಕೆಲಸವೂ ಹೋಗುತ್ತದೆ, ಕ್ವಾರ್ಟರ್ಸೂ ಹೋಗುತ್ತದೆ. ದಿಮ್ಮಿ ಇಡು ಎಂದು ಕೂಗಿದವನು ಸಿದ್ದಲಿಂಗಪ್ಪನೇ. ಆದರೂ ಏಣಿ ಸಾಕಿತ್ತು ಎಂಬುದನ್ನು ಅವನು ನಂಬಿದ್ದ. ಇಪ್ಪತ್ತು ವರ್ಷದಿಂದ ಅವನ ಪದ್ಧತಿ ಒಂದೇ: ಗೋಡೆಯ ಮೇಲಿನಿಂದ ನೆಟ್ಟಗೆ ಟೇಪು ಬಿಡುವುದು, ಎಷ್ಟು ಬಂತೋ ಅಷ್ಟುದ್ದದ ಏಣಿ ತರಿಸುವುದು. ಗುರುವಾರ ಹನ್ನೆರಡು ಅಡಿ ಬಂದಿತ್ತು. ಗೋಡೆಯ ಬುಡಕ್ಕೆ ಪೈಪಿಗೆಂದು ತೋಡಿದ ಐದಡಿ ಅಗಲದ ಗುಂಡಿ ಇತ್ತು, ಅಷ್ಟೇ.

ಅವನು ಮಗಳ ಪಕ್ಕ ಕೂತ.

"ಗೋಡಿ ಹನ್ನೆರಡ ಹಾಕು. ಗುಂಡಿ ಐದು."

"ಟ್ವೆಲ್ವ್ ಸ್ಕ್ವೇರ್ ಒನ್ ಫಾರ್ಟಿಫೋರ್. ಪ್ಲಸ್ ಟ್ವೆಂಟಿಫೈವ್. ಒನ್ ಸಿಕ್ಸ್ಟಿನೈನ್." ಅವಳು ಬೆರಳು ಮಡಚಲೂ ಇಲ್ಲ. "ಥರ್ಟೀನ್."

"ಹದಿಮೂರ್ಯಾಕ? ಗೋಡಿ ಹನ್ನೆರಡ ಅಲ್ಲೇನ?"

"ಏಣಿ ಓರೆ ನಿಲ್ತೈತಲ್ಲ ಪಪ್ಪಾ! ನಿಮಗ ಇಷ್ಟೂ ಗೊತ್ತಿಲ್ಲ?"

"ಹನ್ನೆರಡ ಹಾಕು."

"ಬೀಳ್ತಾನ."

"ಹಾಕು ಅಂದ್ನಿ."

ಏಣಿಯ ತುದಿ ಗೋಡೆಯ ಅಂಚು ಮುಟ್ಟಲೇ ಇಲ್ಲ. ಗಂಟೆ ಬಾರಿಸಿತು. ಅಪ್ಪ ನಗುತ್ತಾನೇನೋ ಎಂದು ಪ್ರಾರ್ಥನಾ ಅವನ ಮುಖ ನೋಡಿದಳು.

"ಇದರ ಬುಡಕ್ಕ ದಿಮ್ಮಿ ಇಡಾಕ ಬರ್ತೈತೇನ?"

"ಇಲ್ಲ ಪಪ್ಪಾ. ಅದು ಚೀಟಿಂಗ್."

ಟೋಪಿಯವನು ನೀರಿನಿಂದೆದ್ದು ಮೈ ಕೊಡವಿ ಮತ್ತೆ ದಡದಲ್ಲಿ ನಿಂತ. ಸಿದ್ದಲಿಂಗಪ್ಪ ಎದ್ದು ಹೋಗಿ ನಲ್ಲಿಯ ಕೆಳಗೆ ತಲೆ ಹಿಡಿದ.

ಸೋಮವಾರ ಆಫೀಸಿನಲ್ಲಿ ಸೇಫ್ಟಿ ಆಫೀಸರ್ ಮಂಥನ್‌ಭಾಯ್ ಪೆನ್ನು ಕೊಟ್ಟ. ಸಿದ್ದಲಿಂಗಪ್ಪ ಬಸ್ಸಿನ ದಾರಿಯುದ್ದಕ್ಕೂ ಆಡಬೇಕಾದ ಮಾತನ್ನು ಹಿಂದಿಯಲ್ಲಿ ಜೋಡಿಸಿಕೊಂಡು ಬಂದಿದ್ದ. ಇಡೀ ಸೈಟಿಗೆ ಕೇಳಿಸುವಂತೆ ಕೂಗುವವನು ಈಗ ಪೆನ್ನಷ್ಟೇ ತೆಗೆದುಕೊಂಡ. ಅವನು ಸಹಿ ಹಾಕಿದ. ಅದರ ಕೆಳಗೆ ಕನ್ನಡದಲ್ಲಿ ಬರೆದ: ಏಣಿ ಒಂದಡಿ ಗಿಡ್ಡ ಇತ್ತು. ತರಿಸಿದವನು ನಾನು. ದಿಮ್ಮಿ ಇಡು ಅಂದವನೂ ನಾನು.

"ಯೇ ನೀಚೇ ಕ್ಯಾ ಲಿಖಾ, ಸಿದ್ದುಭಾಯ್?" ಕೆಳಗೆ ಬರೆದದ್ದೇನೆಂದು ಕನ್ನಡ ಬಾರದ ಮಂಥನ್‌ಭಾಯ್ ಕೇಳಿದ.

ಸಿದ್ದಲಿಂಗಪ್ಪ ಕಾಗದದ ಮೇಲಿನ ತನ್ನ ಅಕ್ಷರಗಳನ್ನು ನೋಡಿದ.

"ನಾಮ್ ಔರ್ ಗಾಂವ್, ಸಾಹೇಬ್." ಹೆಸರು, ಊರು ಎಂದ.

ಮಂಥನ್‌ಭಾಯ್ ಠಸ್ಸೆ ಒತ್ತಿ ಕಾಗದವನ್ನು ಫೈಲಿಗೆ ಸೇರಿಸಿದ. ಸಿದ್ದಲಿಂಗಪ್ಪ ಹೆಲ್ಮೆಟ್ ಹಾಕಿಕೊಂಡು ಗುಂಡಿಯ ಹತ್ತಿರ ಹೋದ. ಹದಿನಾರು ಅಡಿ ಏಣಿ ತರಿಸಿ, ಬುಡವನ್ನು ತಾನೇ ಎರಡೂ ಕೈಯಲ್ಲಿ ಹಿಡಿದುಕೊಂಡು, ಆಳುಗಳಿಗೆ "ಏರ್ರಿ" ಅಂದ.