ಊರಿನ ಎಂಟು ಜನ

ಕಿರುಬಾಣೆ ಯುವಕ ಸಂಘದ ಅಧ್ಯಕ್ಷ ಸಣ್ಣಸ್ವಾಮಿಗೆ ಈ ಆಷಾಢಕ್ಕೆ ಅರವತ್ತೆರಡು ತುಂಬಿತು. ಖಜಾಂಚಿ ಕೆಂಪಣ್ಣನಿಗೆ ಐವತ್ತೇಳು, ಎರಡೂ ಮಂಡಿಗೆ ಪಟ್ಟಿ. ಯುವಕ ಸಂಘದಲ್ಲಿ ಯುವಕರೆಲ್ಲಿ ಎಂದು ಯಾರಾದರೂ ಕೇಳಿಬಿಟ್ಟರೆ ಅಧ್ಯಕ್ಷರಿಗೆ ಸಿಟ್ಟು ಮೂಗಿನ ತುದಿಗೆ ಬರುತ್ತಿತ್ತು. ಇದ್ದರಲ್ಲವೇ ತೋರಿಸುವುದಕ್ಕೆ? ಕುಶಾಲನಗರದಿಂದ ಸೋಮವಾರಪೇಟೆ ಕಡೆ ಹೋಗುವಾಗ ಬಲಕ್ಕೆ ತಿರುಗಿದರೆ ಸಿಗುವ ಆ ಊರಿನಲ್ಲಿ ಮೂವತ್ತೊಂದು ಮನೆ. ಒಂಬತ್ತಕ್ಕೆ ಬೀಗ, ನಾಲ್ಕು ಹೋಂಸ್ಟೇ. ಉಳಿದ ಮನೆಗಳಲ್ಲಿ ಹೆಚ್ಚಿನವಕ್ಕೆ ಒಂದೊಂದೇ ಮಗು, ಆ ಮಗುವೂ ಬೆಳೆದು ಮೈಸೂರೋ ಮಸ್ಕತ್ತೋ ಸೇರಿಯಾಗಿತ್ತು. ಅಧ್ಯಕ್ಷಗಿರಿಯನ್ನು ಯಾರಾದರೂ ವಹಿಸಿಕೊಳ್ಳಿ ಎಂದು ಸಣ್ಣಸ್ವಾಮಿ ಹನ್ನೆರಡು ವರ್ಷದಿಂದ ಹೇಳುತ್ತಲೇ ಇದ್ದ, ಯಾರೂ ಮುಂದೆ ಬರಲಿಲ್ಲ.

ಈ ವರ್ಷ ಅವನ ತಲೆ ತಿನ್ನುತ್ತಿದ್ದದ್ದು ಹಗ್ಗ. ಸುತ್ತಲಿನ ಏಳು ಊರು ಸೇರಿ ಪ್ರತಿ ಆಗಸ್ಟಿನಲ್ಲಿ, ನಾಟಿ ಮುಗಿಯುತ್ತಿದ್ದಂತೆ, ಖಾಲಿ ಉಳಿಸಿಕೊಂಡ ಒಂದು ಗದ್ದೆಯಲ್ಲಿ ಕೆಸರಿನ ಆಟ ನಡೆಸುತ್ತವೆ. ಓಟ, ಚೆಂಡು ಏನೇ ಇರಲಿ, ಊರಿನ ಮಾನ ನಿಂತಿರುವುದು ಹಗ್ಗಜಗ್ಗಾಟದ ಮೇಲೆ. ಒಂದು ಊರಿಗೆ ಎಂಟು ಜನ. ಸತತ ಮೂರು ವರ್ಷ ತಂಡ ಇಳಿಸದ ಊರನ್ನು ಪಕ್ಕದ ಊರಿಗೆ ಸೇರಿಸಿ, ಬೋರ್ಡಿನಿಂದ ಅದರ ಹೆಸರು ತೆಗೆಯುತ್ತಾರೆ. ಕಿರುಬಾಣೆ ಎರಡು ವರ್ಷದಿಂದ ತಂಡ ಇಳಿಸಿರಲಿಲ್ಲ. ಈ ಸಲವೂ ತಪ್ಪಿದರೆ ಮಾವಿನಹಳ್ಳದ ಬಾಲಕ್ಕೆ ಕಟ್ಟಿಬಿಡುತ್ತಾರೆ ಎಂಬುದನ್ನು ನೆನೆದಾಗಲೆಲ್ಲ ಸಣ್ಣಸ್ವಾಮಿ ಮತ್ತೆ ಬೆರಳು ಮಡಚಿ ಊರಿನ ಆಳುಗಳನ್ನು ಎಣಿಸುತ್ತಿದ್ದ.

"ಎಷ್ಟು ಸಲ ಎಣಿಸಿದ್ರೂ ಐದೇ ಬರುತ್ತೆ ಕಣೆ," ಎಂದ ಒಂದು ಬೆಳಿಗ್ಗೆ, ಒಲೆಯ ಹತ್ತಿರ ಕಾಫಿ ಲೋಟ ಹಿಡಿದು ಕೂತು. "ಊರಲ್ಲಿರೋ ನಾಲ್ಕು ಜನ, ನಮ್ಮ ಲೋಹಿತ್ ಒಬ್ಬ."

ಲೋಹಿತ್ ಅವರ ಒಬ್ಬನೇ ಮಗ. ಮೈಸೂರಿನಲ್ಲಿ ಸ್ವಂತ ಗ್ಯಾರೇಜು, ಹೆಂಡತಿಯೂ ಅಲ್ಲಿಯವಳು. ಹಬ್ಬಕ್ಕೆ ಬರಲಿ ಬಿಡಲಿ, ತಂಡ ಇರಲಿ ಇಲ್ಲದಿರಲಿ, ಕೆಸರಿನ ಆಟಕ್ಕೆ ಮಾತ್ರ ವರ್ಷಕ್ಕೊಮ್ಮೆ ತಪ್ಪದೆ ಬರುತ್ತಿದ್ದ. ಸಣ್ಣಸ್ವಾಮಿ ವರ್ಷವಿಡೀ ಆ ಎರಡು ದಿನಕ್ಕೆ ಕಾಯುತ್ತಿದ್ದ, ಹಾಗೆಂದು ಯಾರ ಮುಂದೆಯೂ ಒಪ್ಪಿಕೊಳ್ಳುತ್ತಿರಲಿಲ್ಲ.

"ಇನ್ನು ಮೂರು ಜನ ತಾನೆ?" ವನಜಮ್ಮ ರೊಟ್ಟಿ ಮಗುಚಿದಳು. "ಎಸ್ಟೇಟ್ ಆಳುಗಳ ಲೈನ್ ಮನೆಗಳಿಗೆ ಹೋಗಿ ಕೇಳಿ. ಆ ಬಿಪುಲ್ ಒಬ್ಬನೇ ಇಬ್ಬರಿಗೆ ಸಮ."

"ಅಸ್ಸಾಮಿನವರು ಅವರು. ಊರಿನವರಲ್ಲ."

ವನಜಮ್ಮ ಅಂಗನವಾಡಿ ಸಹಾಯಕಿ. ಊರಿನ ಜನಗಣತಿ ಅವಳ ನಾಲಿಗೆಯ ಮೇಲೇ ಇತ್ತು. "ನನ್ನ ಹತ್ರ ಬರೋದು ಹನ್ನೊಂದು ಮಕ್ಕಳು. ಅದ್ರಲ್ಲಿ ಎಂಟು ಲೈನಿನವು. ನಾಲ್ಕು ವರ್ಷದಿಂದ ಈ ಊರಲ್ಲಿ ತೊಟ್ಟಿಲು ಕಟ್ಟಿದ್ದು ಮೂರು ಸಲ, ಮೂರೂ ಲೈನಲ್ಲೇ. ಅವರನ್ನೂ ಬಿಟ್ಟು ಇನ್ಯಾರನ್ನ ರೀ ಊರು ಅಂತೀರಾ?"

"ರೂಲಿದೆ ವನಜ."

"ಇದೆ. ಬರೆದವರು ಯಾರು?"

ಸಣ್ಣಸ್ವಾಮಿ ಕಾಫಿ ಹೀರಿದ. ಬರೆದವನು ಅವನೇ. ಇಪ್ಪತ್ತೈದು ವರ್ಷದ ಹಿಂದೆ ಮಾವಿನಹಳ್ಳದವರು ಗೆಲ್ಲುವ ಹಟಕ್ಕೆ ಮೈಸೂರಿನ ಗರಡಿಯಿಂದ ಮೂವರು ಪೈಲ್ವಾನರನ್ನು ಕರೆತಂದು, ಕಿರುಬಾಣೆಯವರನ್ನು ಗದ್ದೆಯ ಉದ್ದಕ್ಕೂ ಎಳೆದಿದ್ದರು. ಮರುವಾರವೇ ಸಮಿತಿಯ ಪುಸ್ತಕದಲ್ಲಿ ಅವನು ದುಂಡಗೆ ಬರೆದಿದ್ದ: ಹಗ್ಗ ಹಿಡಿಯುವವರು ಆಯಾ ಊರಿನಲ್ಲೇ ಹುಟ್ಟಿದವರಾಗಿರತಕ್ಕದ್ದು. ಏಳು ಊರಿನವರೂ ಚಪ್ಪಾಳೆ ತಟ್ಟಿ ಸಹಿ ಹಾಕಿದ್ದರು.

ಅದರಲ್ಲಿ ಒಂದು ತೊಡಕಿತ್ತು. ಸಣ್ಣಸ್ವಾಮಿ ಹುಟ್ಟಿದ್ದು ಕಿರುಬಾಣೆಯಲ್ಲಲ್ಲ. ಅರಕಲಗೂಡಿನ ಆಚೆಯ ಒಂದು ಹಳ್ಳಿಯಲ್ಲಿ. ಅಪ್ಪ ಕಾಫಿ ತೋಟದಲ್ಲಿ ಗುಂಡಿ ತೆಗೆಯುವ ಕೆಲಸ ಹುಡುಕಿಕೊಂಡು ಗಾಡಿ ಹೂಡಿದಾಗ ಅವನಿಗೆ ಮೂರು ವರ್ಷ. ಆ ಗಾಡಿಯನ್ನು ಕಂಡವರೆಲ್ಲ ತೀರಿಕೊಂಡಿದ್ದರು. ಅಪ್ಪ ಹೊರಗಿನಿಂದ ಬಂದವನೆಂದು ಹಳಬರಿಗೆ ತಿಳಿದಿತ್ತು, ಮಗ ಹುಟ್ಟಿದ್ದೂ ಹೊರಗೇ ಎಂಬುದು ಈಗ ಗೊತ್ತಿದ್ದದ್ದು ವನಜಮ್ಮನಿಗೆ ಮಾತ್ರ. ರೂಲು ಬರೆಯುವಾಗ ಅವನಿಗೆ ಮರೆತಿತ್ತೇ? ಮರೆತಿರಲಿಲ್ಲ. ಬರೆಯುವವನನ್ನು ಯಾರೂ ಕೇಳುವುದಿಲ್ಲ ಎಂಬುದು ಅವನಿಗೆ ಚೆನ್ನಾಗಿ ಗೊತ್ತಿತ್ತು, ಅಷ್ಟೇ. ರೂಲಾದ ಮೇಲೂ ಎಂಟು ವರ್ಷ ಅವನು ಹಗ್ಗದ ತುದಿ ಸೊಂಟಕ್ಕೆ ಸುತ್ತಿಕೊಂಡು ಕೊನೆಯ ಆಳಾಗಿ ನಿಂತಿದ್ದ.

ಅಂದು ಸಂಜೆ ಅವನು ಲೈನಿಗೆ ಹೋದ. ಬಿಪುಲ್ ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡು ನೀರು ಹಿಡಿಯುತ್ತಿದ್ದ. ನಾಲ್ಕು ವರ್ಷದಲ್ಲಿ ಅವನ ಕನ್ನಡ ಕೆಲಸಕ್ಕೆ ಸಾಕಾಗುವಷ್ಟು ಪಳಗಿತ್ತು.

"ಗೆದ್ದರೆ ಏನು ಸಾರ್?"

"ಒಂದು ಶೀಲ್ಡು, ಒಂದು ಬಾಳೆಗೊನೆ."

"ಸೋತರೆ?"

"ನನ್ನ ಬೈಗುಳ."

ಬಿಪುಲ್ ನಕ್ಕ. "ನಮ್ಮ ಊರಲ್ಲಿ ಬಿಹು ಹಬ್ಬದ ಟೈಮಲ್ಲಿ ಹಗ್ಗ ಇದೆ ಸಾರ್. ಬರ್ತೀನಿ. ಇನ್ನಿಬ್ಬರು ಇದಾರೆ, ಅವರೂ ಬರ್ತಾರೆ." ಕೊಡ ಕೆಳಗಿಟ್ಟು ಕೇಳಿದ. "ಆದ್ರೆ ಆಮೇಲೆ ಯಾರಾದ್ರೂ ಬೇಡ ಹೇಳಿ, ಎಲ್ಲರ ಮುಂದೆ ಹೊರಗೆ ಕಳಿಸಿದ್ರೆ? ಹೆಂಡತಿ, ಮಗಳು ನೋಡ್ತಾರೆ."

ಹಾಗಾಗದಂತೆ ನೋಡಿಕೊಳ್ಳುತ್ತೇನೆ ಎಂದುಬಿಟ್ಟ ಸಣ್ಣಸ್ವಾಮಿ. ಮನೆಗೆ ಬರುವ ದಾರಿಯಲ್ಲಿ ಆ ಮಾತು ಅವನಿಗೇ ಭಾರವಾಯಿತು.

ಹತ್ತು ದಿನ ತೋಟದ ಸಿಲ್ವರ್ ಓಕ್ ಮರಕ್ಕೆ ಹಗ್ಗ ಕಟ್ಟಿ ಅಭ್ಯಾಸ ನಡೆಯಿತು. ಊರಿನ ನಾಲ್ವರು ಮೊದಮೊದಲು ದೂರ ನಿಂತರು. ನಾಲ್ಕನೆಯ ದಿನದ ಹೊತ್ತಿಗೆ ಬಿಪುಲ್ ತನ್ನ ಭಾಷೆಯಲ್ಲಿ ಕೂಗಿದ ತಾಳಕ್ಕೇ ಏಳೂ ಜನ ಎಳೆಯುತ್ತಿದ್ದರು. ಮರ ಅಲುಗಲಿಲ್ಲ, ಕೆಂಪಣ್ಣ ಮಾತ್ರ ಮಂಡಿ ನೋವು ಮರೆತು ಕುಣಿದ.

ಆಟಕ್ಕೆ ಒಂದು ವಾರ ಮುಂಚೆ ಸಮುದಾಯ ಭವನದಲ್ಲಿ ಏಳೂರಿನ ಸಮಿತಿ ಸೇರಿತು. ಕಾರ್ಯದರ್ಶಿ ಶ್ವೇತ, ಹೈಸ್ಕೂಲಿನ ಪಿ.ಟಿ. ಟೀಚರ್, ಪುಸ್ತಕ ಬಿಚ್ಚಿಕೊಂಡು ಕೂತಿದ್ದಳು. ಸಣ್ಣಸ್ವಾಮಿ ಎದ್ದು ನಿಂತು, ಹುಟ್ಟಿನ ರೂಲು ತೆಗೆಯಬೇಕು, ತಮ್ಮ ಊರಿನ ಲೈನಿನ ಮೂವರಿಗೆ ಅವಕಾಶ ಕೊಡಬೇಕು ಎಂದ.

ಮಾವಿನಹಳ್ಳದ ದೇರಪ್ಪ ಮೀಸೆ ತೀಡಿದ. ಅರವತ್ತು ಎಕರೆ ತೋಟದ ಆಸಾಮಿ, ಕೆಟ್ಟವನಲ್ಲ, ಆದರೆ ಸೋಲುವುದು ಅವನ ಜಾತಕದಲ್ಲೇ ಇಲ್ಲ ಎಂದುಕೊಂಡವನು. "ಅದ್ಹೇಗೆ ಆಗ್ತದೆ ಸ್ವಾಮಣ್ಣ? ಇವತ್ತು ಹಗ್ಗ ಕೊಡಿ ಅಂತೀರಿ, ನಾಳೆ ವೋಟು ಕೊಡಿ ಅಂತಾರೆ. ಯಾರು ಎಲ್ಲಿಯವರು ಅಂತ ನಮಗೇನು ಗೊತ್ತು?"

"ನಿಮ್ಮ ತೋಟದಲ್ಲೇ ಇಪ್ಪತ್ತು ಜನ ಅವರೇ ಇದ್ದಾರಲ್ಲ ದೇರಪ್ಪಣ್ಣ," ಎಂದಳು ಶ್ವೇತ.

"ಇದ್ದಾರೆ. ಅವರಿಲ್ಲದಿದ್ರೆ ಕಾಫಿ ಪಿಕಿಂಗ್ ಆಗೋದಿಲ್ಲ, ನಾನು ಸುಳ್ಳು ಹೇಳೋದಿಲ್ಲ. ಆದ್ರೆ ಕೆಲಸ ಬೇರೆ, ಊರು ಬೇರೆ."

ಹಲವರು ತಲೆಯಾಡಿಸಿದರು. ಯಾರೋ ಒಬ್ಬರು, ಹತ್ತು ವರ್ಷ ಇದ್ದವರಿಗೆ ಕೊಡೋಣ ಎಂದರು. ಇನ್ನೊಬ್ಬರು ಹದಿನೈದು ಎಂದರು. ಸಂತೆಯಲ್ಲಿ ಹೋರಿಯ ದರ ಕೂಗಿದಂತೆ ವರ್ಷ ಏರುತ್ತ ಹೋಯಿತು. ಸಣ್ಣಸ್ವಾಮಿ ನಿಂತೇ ಇದ್ದ. ಬಿಪುಲ್‌ಗೆ ಕೊಟ್ಟ ಮಾತು ಒಂದು ಕಡೆ, ಇಷ್ಟು ವರ್ಷ ಮುಚ್ಚಿಟ್ಟದ್ದು ಇನ್ನೊಂದು ಕಡೆ. ಅವನಿಗೆ ಹೆದರಿಕೆಯಾಯಿತು. ಈ ವಯಸ್ಸಿನಲ್ಲಿ, ಈ ಭವನದಲ್ಲಿ, ತನ್ನನ್ನು ಹೊರಗಿನವನು ಎಂದು ನೋಡುವ ಕಣ್ಣುಗಳನ್ನು ನೆನೆದೇ ಹೆದರಿಕೆಯಾಯಿತು.

"ನಾನು ಇಲ್ಲಿ ಹುಟ್ಟಿದವನಲ್ಲ," ಎಂದ.

ವರ್ಷ ಕೂಗುತ್ತಿದ್ದವರು ಅವನ ಕಡೆ ತಿರುಗಿದರು.

"ಅರಕಲಗೂಡು ಕಡೆಯವನು. ಮೂರು ವರ್ಷದವನಿದ್ದಾಗ ಬಂದದ್ದು. ಆ ರೂಲು ಬರೆದವನೂ ನಾನೇ, ಬರೆದಾದ ಮೇಲೆ ಎಂಟು ವರ್ಷ ಹಗ್ಗ ಹಿಡಿದವನೂ ನಾನೇ. ಅದ್ರಲ್ಲಿ ಎರಡು ಸಲ ಶೀಲ್ಡು ಗೆದ್ವಿ. ಬೇಕಾದ್ರೆ ವಾಪಸ್ ತಗೊಳ್ಳಿ."

ದೇರಪ್ಪ ಮೀಸೆಯಿಂದ ಕೈ ತೆಗೆದ. ಆಮೇಲೆ ಮೆತ್ತಗೆ ಹೇಳಿದ. "ನಿಮ್ಮ ವಿಷಯ ಬೇರೆ ಮಾರಾಯ್ರೆ. ಐವತ್ತೊಂಬತ್ತು ವರ್ಷ ಆಯ್ತು. ನಿಮ್ಮನ್ನ ಯಾರು ಕೇಳ್ತಾರೆ?"

"ನಮ್ಮಪ್ಪ ಮೂವತ್ತೊಂದು ವರ್ಷ ಈ ಊರಲ್ಲಿದ್ದ. ಗುಂಡಿ ತೆಗೆದ, ಮೂರೆಕರೆ ಕೊಂಡ, ಇಲ್ಲೇ ಮಣ್ಣಾದ. ಸತ್ತ ದಿನ ಬಂದವರು ಏನಂದ್ರು ಗೊತ್ತಾ? ಅರಕಲಗೂಡಿನವನು ಹೋಗ್ಬಿಟ್ಟ ಅಂದ್ರು. ಅವನ ಹೆಸರು ಯಾರಿಗೂ ಬಾಯಿಗೆ ಬರಲಿಲ್ಲ. ಹತ್ತು, ಹದಿನೈದು ಅಂತಿದೀರಲ್ಲ. ಮೂವತ್ತೊಂದೂ ಸಾಲಲಿಲ್ಲ ದೇರಪ್ಪಣ್ಣ. ವರ್ಷದ ಲೆಕ್ಕ ಬೇಡ."

ಶ್ವೇತ ಪೆನ್ನಿನ ಕ್ಯಾಪ್ ತೆಗೆದಳು. "ಮತ್ತೆ ಏನು ಬರೀಲಿ ಸ್ವಾಮಣ್ಣ? ಏನಾದ್ರೂ ಒಂದು ಬರೀಲೇಬೇಕು, ಇಲ್ಲದಿದ್ರೆ ಮತ್ತೆ ಪೈಲ್ವಾನರು ಬರ್ತಾರೆ."

ಅದೂ ನಿಜವೇ. ಸಣ್ಣಸ್ವಾಮಿ ಯೋಚಿಸಿದ. ಪಿಕಿಂಗಿಗೆ ಎಲ್ಲರೂ ಬರುತ್ತಾರೆ, ಬಿಸಿಲು ಕಾಲಕ್ಕೆ ಟೂರಿಸ್ಟುಗಳೂ ಬರುತ್ತಾರೆ. ಕರೆಂಟು ಹೋಗಿ, ರಸ್ತೆಗೆ ಮರ ಬಿದ್ದು, ಬಟ್ಟೆ ಒಣಗದೆ ವಾಸನೆ ಹೊಡೆಯುವ ತಿಂಗಳುಗಳಲ್ಲಿ ಇಲ್ಲಿರುವವರು ಬೇರೆಯೇ. ಹೋದ ಜುಲೈಯಲ್ಲಿ ಕೆಂಪಣ್ಣನ ಕೊಟ್ಟಿಗೆಯ ಮಾಡು ಕುಸಿದಾಗ ದನ ಹೊರಗೆಳೆದವರು ಯಾರು ಎಂಬುದೂ ಅವನಿಗೆ ಗೊತ್ತಿತ್ತು.

"ಹಿಂದಿನ ಮಳೆಗಾಲ ಪೂರ್ತಿ ಊರಲ್ಲಿ ಇದ್ದವರು. ಅಷ್ಟೇ ಬರೀರಿ."

ದೇರಪ್ಪ ಮೊದಲು ಹುಬ್ಬು ಗಂಟಿಕ್ಕಿದ. ಪೈಲ್ವಾನರಿಗೆ ಇದರಲ್ಲೂ ಜಾಗವಿಲ್ಲ ಎಂದು ಹೊಳೆದ ಮೇಲೆ ಗಂಟು ಸಡಿಲಿತು. ಆಮೇಲೆ ಅವನ ಮುಖದಲ್ಲಿ ಇನ್ನೇನೋ ಬಂತು. "ಸ್ವಾಮಣ್ಣ, ಹಂಗೆ ಬರೆದ್ರೆ ನಿಮ್ಮ ಲೋಹಿತ್ ಇರೋದಿಲ್ಲ." ಅದರಲ್ಲಿ ಗೆದ್ದ ಧ್ವನಿ ಇರಲಿಲ್ಲ. ಅವನಿಗೂ ದುಬೈಯಲ್ಲಿ ಒಬ್ಬ ಮಗನಿದ್ದ.

ಸಣ್ಣಸ್ವಾಮಿಗೆ ಇದು ಅಲ್ಲಿಯವರೆಗೆ ಹೊಳೆದೇ ಇರಲಿಲ್ಲ. ಅವನು ಕುರ್ಚಿಯ ಬೆನ್ನು ಹಿಡಿದುಕೊಂಡ. ಮಗನನ್ನು ಊರಿಗೆ ಕರೆತರುತ್ತಿದ್ದದ್ದು ಆ ಹಗ್ಗವೊಂದೇ. ಬೇರೆ ಏನಾದರೂ ಹೇಳಬಹುದಿತ್ತು, ಆಸ್ತಿ ಇದ್ದವರು ಎನ್ನಬಹುದಿತ್ತು, ಅಪ್ಪನ ಮನೆ ಇದ್ದವರು ಎನ್ನಬಹುದಿತ್ತು. ಅವನ್ನೆಲ್ಲ ಸೇರಿಸಿದರೆ ಬಿಪುಲ್ ಮತ್ತೆ ಗದ್ದೆಯ ಹೊರಗೆ. ಶ್ವೇತಳ ಪೆನ್ನು ಪುಸ್ತಕದ ಮೇಲೆ ಕಾಯುತ್ತಿತ್ತು.

"ಬರೀರಿ ಟೀಚರ್," ಎಂದು ಕೂತುಬಿಟ್ಟ. ಏಳೂ ಊರಿನವರು ಸಹಿ ಹಾಕಿದರು.

ಅಂದೇ ಮಗನಿಗೆ ಫೋನು ಮಾಡಿ ವಿಷಯ ತಿಳಿಸಿದ. ಲೋಹಿತ್ ಹೊಸ ರೂಲನ್ನು ಎರಡು ಸಲ ಹೇಳಿಸಿಕೊಂಡ. ಆಮೇಲೆ, "ಸರಿ, ನೋಡೋಕೆ ಬರ್ತೀನಿ," ಎಂದ.

ಲೋಹಿತ್ ಹೆಸರು ಹೋದ ಮೇಲೆ ತಂಡದಲ್ಲಿ ಉಳಿದದ್ದು ಏಳು. ಎಂಟನೆಯವನು ಯಾರು ಎಂಬುದಕ್ಕೆ ಹುಡುಕಾಟವೇನೂ ಬೇಕಾಗಲಿಲ್ಲ. ಹಿಂದಿನ ಮಳೆಗಾಲ ಪೂರ್ತಿ ಊರಲ್ಲಿದ್ದು, ಎರಡು ಮಂಡಿಯೂ ನೆಟ್ಟಗಿದ್ದ ಗಂಡಸು ಇನ್ನೊಬ್ಬನೇ ಇದ್ದ. "ಬಿ.ಪಿ. ಮಾತ್ರೆ ನುಂಗಿ ಹೋಗಿ," ಎಂದಳು ವನಜಮ್ಮ.

ಆಟದ ದಿನ ಮಳೆ ಹನಿಯುತ್ತಿತ್ತು. ಬೋರ್ಡಿನಲ್ಲಿ ಏಳನೆಯ ಹೆಸರು ಕಿರುಬಾಣೆ. ಸಣ್ಣಸ್ವಾಮಿ ಚಡ್ಡಿ ತೊಟ್ಟು, ಹಗ್ಗದ ತುದಿ ಸೊಂಟಕ್ಕೆ ಸುತ್ತಿಕೊಂಡು ಕೊನೆಯಲ್ಲಿ ನಿಂತಾಗ ಹೆಂಗಸರ ಕಡೆಯಿಂದ ನಗು ಕೇಳಿತು. ಅವನ ಮುಂದೆಯೇ ಬಿಪುಲ್. ಬದುವಿನ ಮೇಲೆ ಬಿಪುಲ್‌ನ ಹೆಂಡತಿ ಮಗುವನ್ನು ಎತ್ತಿ ಹಿಡಿದಿದ್ದಳು, ಪಕ್ಕದಲ್ಲಿ ಇಸ್ತ್ರಿ ಶರ್ಟಿನ ಲೋಹಿತ್ ಕೊಡೆ ಹಿಡಿದು ನಿಂತಿದ್ದ. ಮಾವಿನಹಳ್ಳದ ಎದುರು ಮೊದಲ ಎಳೆತ ಕಿರುಬಾಣೆಗೆ ಬಂತು. ಎರಡನೆಯದರಲ್ಲಿ ಸಣ್ಣಸ್ವಾಮಿಯ ಹಿಮ್ಮಡಿ ಜಾರಿತು. ಮೂರನೆಯದರಲ್ಲಿ ಅವನು ಮುಖ ಕೆಳಗಾಗಿ ಬಿದ್ದು, ಕೆಸರು ಕುಡಿದು, ಎಲ್ಲರಿಗಿಂತ ಹಿಂದೆ ಗೆರೆ ದಾಟಿದ. ಬಿಪುಲ್ ಅವನ ಎರಡೂ ಕೈ ಹಿಡಿದು ಎಬ್ಬಿಸಿ, "ಬೈಯಿರಿ ಸಾರ್," ಎಂದ. ಬೈಯಲು ಉಸಿರಿರಲಿಲ್ಲ.

ಕಾಲುವೆಯ ಹತ್ತಿರ ಲೋಹಿತ್ ಪ್ಯಾಂಟು ಮಡಚಿಕೊಂಡು ಇಳಿದು, ಅಪ್ಪನ ಬೆನ್ನಿಗೆ ಚೊಂಬಿನಿಂದ ನೀರು ಹೊಯ್ದ.

"ನಾನಿದ್ದಿದ್ರೆ ಗೆಲ್ತಿದ್ವಿ."

"ಹೂಂ, ಗೆಲ್ತಿದ್ವಿ."

"ನನ್ನ ಹೆಸರು ತೆಗೀಬೇಕಾದ್ರೆ ನಿಂಗೇನೂ ಅನ್ನಿಸಲಿಲ್ವಾ ಅಪ್ಪ?"

"ಅನ್ನಿಸ್ತು. ಆ ಟೀಚರ್ ಪೆನ್ನು ಹಿಡ್ಕೊಂಡು ಕಾಯ್ತಿದ್ರು. ನೀನು ಇಲ್ಲಿ ಪೂರ್ತಿ ಕಳೆದ ಒಂದು ಮಳೆಗಾಲನಾದ್ರೂ ನೆನಪಾಗುತ್ತಾ ಅಂತ ನೋಡ್ದೆ. ಹತ್ತು ವರ್ಷದಲ್ಲಿ ಒಂದೂ ಸಿಗಲಿಲ್ಲ."

ಲೋಹಿತ್ ಚೊಂಬು ಮುಳುಗಿಸಿದ, ಎತ್ತಲಿಲ್ಲ. ಪ್ರತಿ ವರ್ಷ ಹೊರಡುವಾಗ ಅವನು, ಮುಂದಿನ ವರ್ಷ ನೋಡೋಣ, ಬಂದು ತೋಟ ನೋಡಿಕೊಳ್ಳುತ್ತೇನೆ ಎನ್ನುತ್ತಿದ್ದ. ಸಣ್ಣಸ್ವಾಮಿಯೂ ಆಯ್ತಪ್ಪ ಎನ್ನುತ್ತಿದ್ದ.

"ನಾನು ವಾಪಸ್ ಬರಲ್ಲಪ್ಪ," ಎಂದ ಲೋಹಿತ್.

"ಗೊತ್ತು ಮಗ."

ಹೇಳಿದ ಮೇಲೆ ಸಣ್ಣಸ್ವಾಮಿಗೆ ಅಳು ಬಂತು. ಮುಖವೆಲ್ಲ ನೀರಾಗಿದ್ದರಿಂದ ಒರೆಸಿಕೊಳ್ಳುವ ಗೋಜಿಗೆ ಹೋಗಲಿಲ್ಲ. ಗದ್ದೆಯ ಕಡೆಯಿಂದ ಕೆಂಪಣ್ಣ, ಬಾಳೆಗೊನೆ ಸೋತವರಿಗೂ ಉಂಟೋ ಇಲ್ಲವೋ ಎಂದು ಕೂಗಿ ಕೇಳುತ್ತಿದ್ದ.

"ಉಂಟು ಅಂತ ಹೇಳು," ಎಂದ ಮಗನಿಗೆ. "ಆಮೇಲೆ ಇನ್ನೊಂದು ಚೊಂಬು ಹೊಯ್ಯಿ. ಕಿವೀಲಿ ಕೆಸರು ಹಂಗೇ ಇದೆ."