ಚೀಟಿಯ ಮೇಲಿನ ಹೆಸರು

“ಆ ಚೀಟೀಲಿ ಮೇಷ್ಟ್ರ ಹೆಸರಿರೋ ತನಕ ನಾನು ಬಾಯಿ ಬಿಡಲ್ಲ,” ಎಂದು ಬ್ರೀಜ್ ಅಜ್ಜಿ ಬಾಗಿಲಲ್ಲೇ ಹೇಳಿದಳು. ಆದರೂ ಒಳಗೆ ಕರೆದು ಚಹಾ ಕೊಟ್ಟಳು.

ರಾದ್ಕಾಗೆ ತಲೆ ಚಿಟ್ಟು ಹಿಡಿದಿತ್ತು. ಐರಿಶ್ ನಿಘಂಟಿನ ಕಚೇರಿಯಿಂದ ಕಾನಮಾರಾದ ಈ ಕಡಲಂಚಿಗೆ ಇದು ಅವಳ ನಾಲ್ಕನೇ ಸವಾರಿ. ಬೇಕಾಗಿದ್ದುದು ‘ಲಾನ’ ಎಂಬ ಒಂದು ಪದವನ್ನು ಇಲ್ಲಿನವರು ಬಳಸುವ ಬಗೆ. ಕಚೇರಿಯಲ್ಲಿದ್ದುದು ಊರ ಶಾಲೆಯ ಮೇಷ್ಟರು ಹಿಂದೆ ಬರೆದುಕೊಟ್ಟ ಒಂದೇ ಚೀಟಿ, ಅದರಲ್ಲಿ ಹೇಳಿದವರ ಜಾಗದಲ್ಲಿ ಅವರದೇ ಹೆಸರು. ಗುಣವಾಚಕವಾದರೆ ‘ತುಂಬಿದ’, ನಾಮಪದವಾದರೆ ‘ತುಂಬುವಷ್ಟು’. ಕಡಲಿನ ಜೊತೆ ಸೇರಿದರೆ ಉಬ್ಬರ. ಮೂಲ ಕೆದಕಿದರೆ ಸಂಸ್ಕೃತದ ‘ಪೂರ್ಣ’ಕ್ಕೆ ದೂರದ ನೆಂಟ. ರಾದ್ಕಾಳ ತಾಯಿನುಡಿ ಚೆಕ್‌ನಲ್ಲೂ ‘ಲಾನ’ ಇದೆ. ಅದು ಜರ್ಮನರಿಂದ ಬಂದದ್ದು, ಅರ್ಥ ಹೊಲ, ವಿಭಕ್ತಿಗೊಂದು ಬಾಲ. ಎರಡಕ್ಕೂ ನೆಂಟಸ್ತಿಕೆಯಿಲ್ಲ. ಇಷ್ಟನ್ನೂ ಬರೆದು ಮುಗಿಸಿದ್ದಳು. ಶುಕ್ರವಾರ ಪುಟ ಅಚ್ಚಿಗೆ ಹೋಗಬೇಕು, ಇಲ್ಲಿ ಈ ಮುದುಕಿಯ ಹಟ.

“ಅಜ್ಜಿ, ಅರವತ್ತು ವರ್ಷದ ಚೀಟಿ ಅದು. ತಿದ್ದೋ ಹಾಗಿಲ್ಲ ಅಂತಾರೆ ಸಂಪಾದಕರು.”

“ಅವರೇನು ಇಲ್ಲಿ ಕಡಲಪಾಚಿ ಎಳೆದಿದ್ರಾ? ಸೊಂಟದ ತನಕ ನೀರಲ್ಲಿ ನಿಂತು ಮಾತಾಡಿದ್ದು ನಾನು. ಮೇಷ್ಟ್ರು ಬೂಟು ನೆನೀದ ಹಾಗೆ ದಂಡೇಲಿ ನಿಂತು ಬರ್ಕೊಂಡ್ರು. ಪದ ಕೂಡಿಟ್ಟ ಪುಣ್ಯಾತ್ಮ ಅಂತ ಅವರ ಗೋರಿ ಮೇಲೂ ಕೆತ್ತಿದಾರೆ. ನಂಗೆ ಹೊಟ್ಟೆ ಉರೀತದೆ ಕಣೇ.”

ರಾದ್ಕಾ ಚೀಲದಿಂದ ಚೀಟಿಯನ್ನೂ ಕೆಂಪು ಪೆನ್ನನ್ನೂ ತೆಗೆದಳು. ಕಚೇರಿಯಲ್ಲಿ ಗೊತ್ತಾದರೆ ಕೆಲಸಕ್ಕೇ ಕುತ್ತು. ಮೇಷ್ಟರ ಹೆಸರಿನ ಮೇಲೆ ಗೀಟು ಎಳೆದು, ಮತದಾರರ ಪಟ್ಟಿಯಲ್ಲಿರುವಂತೆ ‘ಬ್ರೀಜ್ ನೀ ಖನೀಲೆ’ ಎಂದು ಬರೆದು ಓದಿದಳು.

“ಅದ್ಯಾರು?” ಅಂದಳು ಅಜ್ಜಿ. “ಆ ಹೆಸರಿನೋರು ಈ ಊರಲ್ಲಿ ಏಳು ಜನ ಇದ್ರು. ಮೇಷ್ಟ್ರ ಹೆಂಡ್ತೀನೂ ಅದೇ.”

ರಾದ್ಕಾ ಪೆನ್ನನ್ನು ಮೇಜಿನ ಮೇಲೆ ಕುಕ್ಕಿದಳು. “ಮತ್ತೇನು ಬರೀಲಿ? ನೀವೇ ಹೇಳಿ.”

“ಊರು ಕರೆಯೋದನ್ನ ಬರಿ. ಬ್ರೀಜ್ ವಾರ್ಚೀನ್ ಟೊಮ್. ನಾನು, ನಮ್ಮಪ್ಪ, ನಮ್ಮ ತಾತ.”

ಮತ್ತೊಂದು ಗೀಟು. ಚೀಟಿಯಲ್ಲಿ ಜಾಗವೇ ಉಳಿದಿರಲಿಲ್ಲ. ಅಡ್ಡ ತಿರುಗಿಸಿ ಅಂಚಿನುದ್ದಕ್ಕೂ ಬರೆಯಬೇಕಾಯಿತು. ಬರೆದದ್ದನ್ನು ರಾದ್ಕಾ ಗಟ್ಟಿಯಾಗಿ ಓದಿದಳು.

ಅಜ್ಜಿ ಚಹಾದ ಬಟ್ಟಲು ಪಕ್ಕಕ್ಕೆ ಸರಿಸಿದಳು. ಆಮೇಲೆ ಕೆಮ್ಮಿ, “ಈಗ ಕೇಳು, ಅದೇನು ಕೇಳ್ಬೇಕೋ,” ಅಂದಳು.

ಕೇಳುವ ಮೊದಲು ರಾದ್ಕಾ ಚೀಟಿಯನ್ನು ಕಿಟಕಿಯ ಬೆಳಕಿಗೆ ಹಿಡಿದು ಆ ಹೆಸರನ್ನು ಇನ್ನೊಮ್ಮೆ ಓದಿದಳು.