ಆಟ ನೋಡಲು ಹೋದ ಕೋಟು

ಕಡಲಾಚೆಯ ಟುವಾಸ್ ಎಂಬ ಕೈಗಾರಿಕಾ ಪ್ರದೇಶದ ಕೋಲ್ಡ್ ಸ್ಟೋರೇಜಿನಲ್ಲಿ ಬಿಟ್ಟ ಉಸಿರೂ ಮೀಸೆಯ ಮೇಲೆ ಹೆಪ್ಪುಗಟ್ಟುತ್ತಿತ್ತು. ಕಲಬುರಗಿ ಕಡೆಯ ಶರಣಬಸಪ್ಪ ಮಳೆಕೋಟಿನೊಳಗೆ ಗೋಣಿಚೀಲ ಸುತ್ತಿಕೊಂಡು ಮೀನಿನ ಪೆಟ್ಟಿಗೆ ಹೊರುತ್ತಿದ್ದ. ಕಂಪನಿ ಕೊಟ್ಟ ದಪ್ಪ ಚಳಿಕೋಟು ಅವನಿಗೂ ಇತ್ತು. ಆದರೆ ಶನಿವಾರ ಬಂದರೆ ಅದು ಐಸ್ ಹಾಕಿ ಆಟ ನೋಡಲು ಹೋಗುತ್ತಿತ್ತು.

ಆಗ ಎರಡು ಸಾವಿರದ ಏಳನೇ ಇಸವಿ. ದುಡ್ಡಿದ್ದವರು ಕಾಂಡೋ ಫ್ಲ್ಯಾಟಿನ ಮೇಲೆ ಫ್ಲ್ಯಾಟು ಕೊಳ್ಳುತ್ತಿದ್ದರು. ಗೋದಾಮಿನ ಮಾಲೀಕ, ಮೈಸೂರಿನ ಬದರೀನಾಥ, ಒಂದು ತಂಡವನ್ನೇ ಕಟ್ಟಿದ. ಹೆಸರು ಟುವಾಸ್ ಪೆಂಗ್ವಿನ್ಸ್. ಮಂಜುಗಡ್ಡೆಯ ಮೇಲೆ ಜಾರುತ್ತ ಕೋಲಿನಿಂದ ಕರಿ ಬಿಲ್ಲೆ ಹೊಡೆಯುವ ಆಟ. ಆಡುವವರು ಕೆನಡಾದ ಬ್ಯಾಂಕ್ ಸಾಹೇಬರು, ಸೇರಿದ್ದು ಎರಡನೇ ದರ್ಜೆಯ ಲೀಗು. ಅಷ್ಟಕ್ಕೇ ಬದರೀನಾಥನನ್ನು ಹಿಡಿಯುವವರಿರಲಿಲ್ಲ.

ತೊಡಕು ಒಂದೇ. ವರ್ಷವಿಡೀ ಬೆವರುವ ಊರಿನಲ್ಲಿ ಯಾರ ಮನೆಯಲ್ಲಿ ಚಳಿಕೋಟು ಇರುತ್ತದೆ? ಮಂಜುಗಡ್ಡೆ ಹಾಸಿದ ರಿಂಕಿಗೆ ಮೊದಲ ಪಂದ್ಯ ನೋಡಲು ಬಂದ ಸ್ಪಾನ್ಸರುಗಳು ಹಲ್ಲು ಕಟಕಟಿಸುತ್ತ ಅರ್ಧಕ್ಕೇ ಎದ್ದು ಹೋದರು. ಮಾರನೆಯ ದಿನವೇ ಬದರೀನಾಥ ಗೋದಾಮಿಗೆ ಬಂದ.

"ಶರಣಬಸಪ್ಪ, ಶನಿವಾರ ಎಲ್ಲರ ಜಾಕೆಟ್ ಕಲೆಕ್ಟ್ ಮಾಡಿ ರಿಂಕ್‌ಗೆ ತಗೊಂಡು ಬಾ. ಗೆಸ್ಟ್‌ಗಳಿಗೆ ಬೇಕು."

"ನಾವೇನ್ ಹಾಕ್ಕೋಬೇಕ್ರಿ ಸರ್?"

"ಅಡ್ಜಸ್ಟ್ ಮಾಡ್ಕೊಳ್ರಪ್ಪ. ಸ್ವಲ್ಪ ಟೀಮ್ ಸ್ಪಿರಿಟ್ ಇರ್ಬೇಕು."

ಯಾರದೋ ದುಡ್ಡು ಎಲ್ಲಮ್ಮನ ಜಾತ್ರೆ ಅಂತಾರಲ್ಲ, ಹಾಗಾಯಿತು. ಗ್ಯಾಲರಿ ತುಂಬಿತು. ಪೆಂಗ್ವಿನ್ಸ್ ಗೆದ್ದೂ ಗೆದ್ದೂ ಫೈನಲ್ ಮುಟ್ಟಿತು. ಪೇಪರಿನಲ್ಲಿ ಫೋಟೊ ಬಂತು: ಸಾಲಾಗಿ ಗಣ್ಯರು, ಮೈಮೇಲೆ ಮೀನು ಹೊರುವವರ ಕೋಟು. ಅದೇ ವಾರ ಗೋದಾಮಿನಲ್ಲಿ ಸಿಲ್ಹೆಟಿನ ಬಂಗಾಳಿ ಕೂಲಿ ಸುಭಾಷನ ಎರಡು ಬೆರಳು ಚಳಿಗೆ ಕಪ್ಪಾದವು. ಡಾಕ್ಟರು ಕತ್ತರಿಸಿದರು.

"ಕೇರ್‌ಲೆಸ್ ಫೆಲೋ," ಅಂದ ಬದರೀನಾಥ.

ಸುಭಾಷನ ಮೈಯಿಂದ ಕೋಟು ಬಿಚ್ಚಿಸಿಕೊಂಡವನು ಶರಣಬಸಪ್ಪನೇ. ಅವನಿಗೆ ಅನ್ನ ಸೇರಲಿಲ್ಲ. ಉಳಿದವರ ಬೆರಳಾದರೂ ಉಳಿಯಬೇಕು ಅನ್ನಿಸಿತು. ಫೈನಲ್ ದಿನ ಅವನು ಹೇಳಿದಂತೆ ಲಾರಿಯಲ್ಲಿ ಕೋಟುಗಳ ಜೊತೆ ಕೋಟಿನ ಒಡೆಯರಾದ ಕೂಲಿಗಳೂ ಬಂದು ರಿಂಕಿನ ಹೊರಗೆ ಕೂತರು.

ಒಳಗೆ ಸ್ಪಾನ್ಸರ್ ಬ್ಯಾಂಕಿನ ಕನ್ನಡತಿ ಪ್ರಿಯಂವದಾ ತಾನು ಹಾಕಿಕೊಂಡಿದ್ದ ಕೋಟಿನ ಜೇಬಿಗೆ ಕೈ ಹಾಕಿದಳು. ಬೆರಳು ಬೆಳ್ಳಗಾಗಿ ಹೊರಬಂದವು.

"ಏನಿದು, ಪೌಡರ್?"

"ವಿಭೂತಿ ರೀ ಮೇಡಂ. ಆ ಕೋಟು ನಂದರಿ," ಅಂದ ಕೋಟು ಹಂಚಲು ಒಳಗೆ ಬಂದಿದ್ದ ಶರಣಬಸಪ್ಪ.

"ನಿಮ್ಮದಾ? ಮತ್ತೆ ಫ್ರೀಜರಲ್ಲಿ ಏನ್ ಹಾಕ್ಕೋತೀರಾ?"

"ಗೋಣಿಚೀಲ ರೀ."

ಬದರೀನಾಥ ನಕ್ಕ. "ಇವರಿಗೆಲ್ಲ ಚಳಿ ಅಭ್ಯಾಸ ಆಗಿದೆ ಮೇಡಂ."

ಶರಣಬಸಪ್ಪ ಬಾಗಿಲು ತೆರೆದು ಕೈಬೀಸಿದ. ಎಲ್ಲರೂ ಒಳಗೆ ಬಂದರು. ಸುಭಾಷ್ ಮುಂದೆ, ಕೈಗೆ ಬ್ಯಾಂಡೇಜು. ಒಬ್ಬೊಬ್ಬರೂ ತಮ್ಮ ತಮ್ಮ ಕೋಟಿನ ಮುಂದೆ ನಿಂತರು.

"ಕೋಟು ಕೊಡ್ರಿ. ಪಾಳಿಗೆ ಹೋಗಬೇಕು," ಅಂದ ಶರಣಬಸಪ್ಪ.

ಸುಭಾಷನ ಕೈ ನೋಡಿ ಪ್ರಿಯಂವದಾ ಮೊದಲು ಬಿಚ್ಚಿದಳು. ಉಳಿದವರು ಗೊಣಗಿಕೊಂಡು ಬಿಚ್ಚಿದರು, ಬಿಚ್ಚಿ ಬಿಸಿಲಿಗೆ ಓಡಿದರು. ಪೆಂಗ್ವಿನ್ಸ್ ಖಾಲಿ ಕುರ್ಚಿಗಳ ಮುಂದೆ ಜಾರಾಡಿ ಸೋತಿತು.

"ನಿನ್ನ ಪರ್ಮಿಟ್ ಕ್ಯಾನ್ಸಲ್ ಮಾಡಿಸ್ತೀನಿ," ಅಂದ ಬದರೀನಾಥ. ಕೋಟಿಲ್ಲದೆ ಗಡಗಡ ನಡುಗುತ್ತಿದ್ದ.

"ಮಾಡಿಸ್ರಿ. ಅಲ್ಲೀತನಾ ಅಡ್ಜಸ್ಟ್ ಮಾಡ್ಕೋರಿ," ಅಂದು ಶರಣಬಸಪ್ಪ ತನ್ನ ಗೋಣಿಚೀಲವನ್ನು ಅವನ ಪಕ್ಕದ ಕುರ್ಚಿಯ ಮೇಲಿಟ್ಟ.

ಶರಣಬಸಪ್ಪನ ಕೆಲಸದ ಪರ್ಮಿಟ್ ಹೋಯಿತು, ಅವನೂ ಊರಿಗೆ ಹೋದ. ಸ್ಪಾನ್ಸರುಗಳು ಹೋದರು, ಅವರ ಹಿಂದೆ ಪೆಂಗ್ವಿನ್ಸೂ ಹೋಯಿತು. ಬದರೀನಾಥ ಮಾತ್ರ ಎಲ್ಲೂ ಹೋಗಲಿಲ್ಲ. ಮುಂದಿನ ಶನಿವಾರ ಅವನ ಮ್ಯಾನೇಜರು ಮತ್ಯಾವುದೋ ಪಾರ್ಟಿಗೆಂದು ಕೋಟು ಕೇಳಲು ಬಂದ. ಸುಭಾಷ್ ಉಳಿದ ಬೆರಳುಗಳಿಂದ ತಡಕಾಡುತ್ತ ತನ್ನ ಕೋಟಿನ ಗುಂಡಿ ಹಾಕಿಕೊಂಡ, ಕತ್ತಿನವರೆಗೂ. ಅವನ ಹಿಂದೆ ನಿಂತವರೆಲ್ಲ ಹಾಗೇ ಗುಂಡಿ ಹಾಕಿಕೊಂಡರು.